ಹಲಸಿನ ಬೀಜ ಮತ್ತು ಇಪ್ಪತ್ತು ಕೋಟಿ ಊಹೆಗಳು

ಹಲಸಿನ ಬೀಜದಲ್ಲಿ ಜಾಕಲಿನ್ ಅಂತ ಒಂದು ಪ್ರೋಟೀನ್ ಇದೆ. ಮಂಗಳೂರು ಸೌತೆಗೆ ನಾಲ್ಕು ಬೀಜ ಜಜ್ಜಿ ಹಾಕಿ ಹುಳಿ ಮಾಡುವವರಿಗೆ ಅದರ ಗೊಡವೆಯಿಲ್ಲ. ಕುದಿ ಬಂದ ಮೇಲೆ ಅದರ ಆಕಾರವೇ ಕೆಟ್ಟುಹೋಗಿರುತ್ತದೆ. ಪ್ರಯೋಗಾಲಯದವರಿಗೆ ಮಾತ್ರ ಇದು ಹಳೇ ಪರಿಚಯ. ಜಾಕಲಿನ್ ಅಂಟಿಸಿದ ಸಣ್ಣ ಮಣಿಗಳ ಮೇಲೆ ರಕ್ತದ ಸೀರಂ ಹರಿಸಿದರೆ ಐಜಿಎ-1 ಅನ್ನುವ ಪ್ರತಿಕಾಯ ಅಲ್ಲೇ ಹಿಡಿದುಕೊಳ್ಳುತ್ತದೆ, ಮಿಕ್ಕಿದ್ದು ಹರಿದುಹೋಗುತ್ತದೆ. ಆಮೇಲೆ ಗ್ಯಾಲಕ್ಟೋಸ್ ಸಕ್ಕರೆ ಕರಗಿಸಿದ ದ್ರಾವಣ ಬಿಟ್ಟರೆ ಹಿಡಿತ ಸಡಿಲವಾಗಿ ಐಜಿಎ ಕೈಗೆ ಸಿಗುತ್ತದೆ. ಜಾಕಲಿನ್ ಇಷ್ಟಪಡುವುದು ಸಕ್ಕರೆಯನ್ನೇ. ಐಜಿಎ ಮೈಮೇಲೆ ಅಂಥ ಸಕ್ಕರೆ ಇರುವುದರಿಂದ ಅದಕ್ಕೂ ಅಂಟುತ್ತದೆ.

1996ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ ಇದರ ಮೂರು ಆಯಾಮದ ರಚನೆಯನ್ನು ಪ್ರಕಟಿಸಿತು. ಎರಡು ಕಾರಣಕ್ಕೆ ಅದು ಸುದ್ದಿಯಾಯಿತು. ಒಂದು, ಸಕ್ಕರೆ ಹಿಡಿಯುವ ಪ್ರೋಟೀನುಗಳಲ್ಲಿ ಅಂಥ ಮಡಿಕೆಯನ್ನು, ಎಂದರೆ ಅಮೈನೋ ಆಮ್ಲಗಳ ಸರಪಳಿ ಮಡಚಿಕೊಂಡ ಆಕಾರವನ್ನು, ಯಾರೂ ಕಂಡಿರಲಿಲ್ಲ: ಮೂರು ಹಾಳೆಗಳು ಪಟ್ಟಕದ ಮೂರು ಮುಖಗಳಂತೆ ನಿಂತಿದ್ದವು. ಇನ್ನೊಂದು, ನನಗೆ ಇವತ್ತಿಗೂ ಸೋಜಿಗ ಅನಿಸುವುದು. ಹಲಸಿನ ಮರ ಜಾಕಲಿನ್ ಅನ್ನು ಮೊದಲು ಒಂದೇ ಉದ್ದ ಸರಪಳಿಯಾಗಿ ತಯಾರಿಸುತ್ತದೆ. ಆಮೇಲೆ ತಾನೇ ಅದನ್ನು ಕತ್ತರಿಸಿ, ನಡುವಿನ ತುಣುಕೊಂದನ್ನು ಬಿಸಾಕಿ, ಇಪ್ಪತ್ತರ ಆಸುಪಾಸಿನ ಅಮೈನೋ ಆಮ್ಲಗಳ ಒಂದು ಗಿಡ್ಡ ಸರಪಳಿ, 133ರ ಒಂದು ಉದ್ದ ಸರಪಳಿ ಅಂತ ಎರಡು ಮಾಡುತ್ತದೆ. ಕತ್ತರಿ ಬಿದ್ದ ಜಾಗದಲ್ಲಿ ಉದ್ದ ಸರಪಳಿಯ ಮೊದಲನೇ ಅಮೈನೋ ಆಮ್ಲ, ಗ್ಲೈಸಿನ್, ಬಿಡಿಯಾಗಿ ಹೊರಬರುತ್ತದಲ್ಲ, ಗ್ಯಾಲಕ್ಟೋಸ್ ಅನ್ನು ಹಿಡಿಯುವುದರಲ್ಲಿ ಆ ತುದಿಯದೇ ದೊಡ್ಡ ಪಾತ್ರ. ಕತ್ತರಿ ಬೀಳದಿದ್ದರೆ ಆ ಹಿಡಿತವೂ ಇಲ್ಲ.

ನಾನು ಕಂಪ್ಯೂಟರ್ ಕಡೆಯವಳು. ಪಿಪೆಟ್ ಮುಟ್ಟಿ ವರ್ಷಗಳೇ ಆದವು. ಪ್ರೋಟೀನುಗಳ ಕಡತಗಳನ್ನು ಓದುವ, ಹೋಲಿಸುವ, ಬಣ್ಣ ಹಚ್ಚುವ ಪ್ರೋಗ್ರಾಂ ಬರೆಯುವುದು ನನ್ನ ಹೊಟ್ಟೆಪಾಡು. ಇಂಟರ್ನ್‌ಶಿಪ್‌ಗೆ ಬಂದ ಹುಡುಗನೊಬ್ಬ ಮೊನ್ನೆ ಕಾಫಿ ಹೊತ್ತಿನಲ್ಲಿ ಕೇಳಿದ: "ಮೇಡಂ, ಸೀಕ್ವೆನ್ಸ್ ಹಾಕಿದ್ರೆ ಆಲ್ಫಾಫೋಲ್ಡೇ ಸ್ಟ್ರಕ್ಚರ್ ಕೊಡತ್ತಲ್ಲ, ಮತ್ತೆ ಇನ್ನೂ ಯಾಕೆ ಜನ ಕ್ರಿಸ್ಟಲ್ ಬೆಳೆಸ್ಕೊಂಡು ಕೂತಿದಾರೆ?" ಆಲ್ಫಾಫೋಲ್ಡ್ ಅಂದರೆ ಅಮೈನೋ ಆಮ್ಲಗಳ ಸರಣಿ (ಸೀಕ್ವೆನ್ಸ್) ಕೊಟ್ಟರೆ ಪ್ರೋಟೀನಿನ ಆಕಾರ ಊಹಿಸುವ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ. ಕ್ರಿಸ್ಟಲ್ ಅಂದರೆ ಪ್ರೋಟೀನಿನ ಹರಳು, ಅದಕ್ಕೆ ಎಕ್ಸ್-ರೇ ಹಾಯಿಸಿ ಆಕಾರ ಕಂಡುಹಿಡಿಯುವುದು ಹಳೇ ದಾರಿ. ಪ್ರಶ್ನೆ ಉಡಾಫೆಯದಲ್ಲ. ಅವನ ವಯಸ್ಸಿನವರಿಗೆ ಹಾಗೆ ಅನಿಸದಿದ್ದರೇ ಆಶ್ಚರ್ಯ. ನಾನು ಜಾಕಲಿನ್ ಕಥೆ ಹೇಳಿದೆ. ಆಲ್ಫಾಫೋಲ್ಡ್ ನೀನು ಕೊಟ್ಟ ಸರಣಿಯನ್ನು ಮಡಿಸುತ್ತದೆ. ಕತ್ತರಿಸದ್ದನ್ನು ಕೊಟ್ಟರೆ ಕತ್ತರಿಸದ್ದನ್ನು, ಕತ್ತರಿಸಿದ್ದನ್ನು ಕೊಟ್ಟರೆ ಕತ್ತರಿಸಿದ್ದನ್ನು. ಮರ ಅದನ್ನು ಎಲ್ಲಿ ಕತ್ತರಿಸುತ್ತದೆ ಅಂತ ಬೀಜ ಅರೆದು, ಪ್ರೋಟೀನ್ ಬಸಿದು ನೋಡಿದ ಯಾರೋ ಹೇಳಬೇಕು.

ಅವನು ಸುಮ್ಮನಾಗಲಿಲ್ಲ. ಆಲ್ಫಾಫೋಲ್ಡ್‌ನಲ್ಲಿ ಜಾಕಲಿನ್ ಹಾಕಿದರೆ ಮಡಿಕೆ ಸರಿಯಾಗೇ ಬರುತ್ತದಲ್ಲ ಅಂದ. ಬಾರದೆ ಏನು? ಎರಡನೇ ಆವೃತ್ತಿಯ ಆಲ್ಫಾಫೋಲ್ಡ್ ಕಲಿತದ್ದು 2018ರ ಏಪ್ರಿಲ್‌ವರೆಗೆ ಪ್ರೋಟೀನ್ ಡೇಟಾ ಬ್ಯಾಂಕ್ ಅನ್ನುವ ಸಾರ್ವಜನಿಕ ಉಗ್ರಾಣಕ್ಕೆ ಸೇರಿದ ರಚನೆಗಳಿಂದ. 1996ರಲ್ಲಿ ಬೆಂಗಳೂರಿನವರು ಕಂಡುಹಿಡಿದದ್ದೂ ಅದರಲ್ಲಿದೆ. ಉತ್ತರ ನೋಡಿಕೊಂಡು ಬಂದವನನ್ನು ಅದೇ ಪ್ರಶ್ನೆ ಕೇಳಿ ಮೆಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಹಾಗಂತ ಆಲ್ಫಾಫೋಲ್ಡ್ ಸಾಮಾನ್ಯದ್ದು ಅಂತ ನಾನು ಹೇಳುತ್ತಿಲ್ಲ. 1972ರಲ್ಲಿ ನೊಬೆಲ್ ಪಡೆದ ಕ್ರಿಶ್ಚಿಯನ್ ಆನ್ಫಿನ್ಸನ್, ಪ್ರೋಟೀನಿನ ಆಕಾರಕ್ಕೆ ಬೇಕಾದ ಮಾಹಿತಿಯೆಲ್ಲ ಅದರ ಅಮೈನೋ ಆಮ್ಲಗಳ ಸರಣಿಯಲ್ಲೇ ಇದೆ ಅಂತ ತೋರಿಸಿದ್ದರು. ಸರಣಿ ನೋಡಿ ಆಕಾರ ಹೇಳುವುದಕ್ಕೆ ಮಾತ್ರ ಯಾರಿಗೂ ಆಗಿರಲಿಲ್ಲ. 1994ರಿಂದ ಎರಡು ವರ್ಷಕ್ಕೊಮ್ಮೆ ಕ್ಯಾಸ್ಪ್ ಅಂತ ಒಂದು ಪರೀಕ್ಷೆ ನಡೆಯುತ್ತದೆ. ಆಗಷ್ಟೇ ಬಿಡಿಸಿ ಇನ್ನೂ ಪ್ರಕಟಿಸದ ರಚನೆಗಳ ಸರಣಿಯನ್ನಷ್ಟೇ ಕೊಟ್ಟು ಆಕಾರ ಊಹಿಸಿ ಅನ್ನುತ್ತಾರೆ. 2020ರಲ್ಲಿ ಗೂಗಲ್‌ನ ಡೀಪ್‌ಮೈಂಡ್ ಕಂಪನಿಯವರ ಆಲ್ಫಾಫೋಲ್ಡ್ ಪಡೆದ ಅಂಕಗಳ ಮಧ್ಯಾಂಕ ನೂರಕ್ಕೆ 92.4. ಮುಂದಿನ ವರ್ಷ ಪ್ರೋಗ್ರಾಂ ಬಹಿರಂಗವಾಯಿತು, 2022ರ ಹೊತ್ತಿಗೆ ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹೆ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಜಾಲದಲ್ಲಿತ್ತು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಇನ್ನರ್ಧ ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡುವ ಡೇವಿಡ್ ಬೇಕರ್ ಅವರಿಗೆ. ಇಷ್ಟು ಎಲ್ಲ ಪತ್ರಿಕೆಗಳಲ್ಲೂ ಬಂದಿದೆ.

ಪತ್ರಿಕೆಗಳಲ್ಲಿ ಅಷ್ಟಾಗಿ ಬಾರದ್ದು ಆ ಡೇಟಾ ಬ್ಯಾಂಕಿನ ಕಥೆ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅದು ಶುರುವಾದಾಗ ಅದರಲ್ಲಿದ್ದದ್ದು 7 ರಚನೆ. ಆಗ ಪಂಚ್ ಕಾರ್ಡುಗಳ ಕಾಲ. ಕಾರ್ಡಿಗೆ 80 ಕಾಲಂ, ಹಾಗಾಗಿ ಕಡತದ ಸಾಲಿಗೂ 80. ಕಾರ್ಡು ಹೋಗಿ ಎಷ್ಟೋ ಕಾಲವಾದರೂ 31ನೇ ಕಾಲಂನಿಂದ ಪರಮಾಣುವಿನ ಸ್ಥಾನದ ಎಕ್ಸ್ ಅಳತೆ, 39ರಿಂದ ವೈ ಅಂತ ಎಣಿಸುವ ಪ್ರೋಗ್ರಾಂಗಳು ನನ್ನ ಲ್ಯಾಪ್‌ಟಾಪಿನಲ್ಲಿ ಇನ್ನೂ ಓಡುತ್ತಿವೆ. ಶುರುವಿನಲ್ಲಿ ತಮ್ಮ ರಚನೆಯನ್ನು ಅಲ್ಲಿಗೆ ಕೊಡಲು ಎಲ್ಲರಿಗೂ ಮನಸ್ಸಿರಲಿಲ್ಲ. ವರ್ಷಗಟ್ಟಲೆ ಬೆವರು ಸುರಿಸಿದ್ದನ್ನು ಇನ್ನೊಬ್ಬರು ಬಂದು ಪುಕ್ಕಟೆ ಎತ್ತಿಕೊಂಡು ಹೋದರೆ? ಎಂಬತ್ತರ ದಶಕದಲ್ಲಿ ವಿಜ್ಞಾನಿಗಳೇ ಕೂಗೆಬ್ಬಿಸಿ, 1989ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಒಕ್ಕೂಟ ನಿಯಮಾವಳಿ ಮಾಡಿ, ಆಮೇಲೆ ಪತ್ರಿಕೆಗಳೂ ಪಟ್ಟು ಹಿಡಿದ ಮೇಲೆ, ಪ್ರಬಂಧ ಅಚ್ಚಾಗಬೇಕಾದರೆ ರಚನೆಯನ್ನು ಠೇವಣಿ ಇಡಲೇಬೇಕು ಅನ್ನುವುದು ಪದ್ಧತಿಯಾಯಿತು. 2023ರಲ್ಲಿ ಆ ಸಂಖ್ಯೆ ಎರಡು ಲಕ್ಷ ದಾಟಿತು. ಆ ಜಗಳ ಆಗದಿದ್ದರೆ ಆಲ್ಫಾಫೋಲ್ಡ್ ಕಲಿಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಆ ಎರಡು ಲಕ್ಷದಲ್ಲಿ ಒಂದೊಂದರ ಹಿಂದೆ ಏನಿದೆ ಅಂತ ನೋಡಬೇಕಾದರೆ ಹರಳು ಬೆಳೆಸುವವರ ಪಕ್ಕ ಒಂದು ಮಧ್ಯಾಹ್ನ ಕೂರಬೇಕು. 24 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಗುಳಿಯ ಅಂಚಿಗೆ ಗ್ರೀಸ್ ಸವರಿ, ಗಾಜಿನ ಬಿಲ್ಲೆಯ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನ್, ಒಂದು ಮೈಕ್ರೋಲೀಟರ್ ಉಪ್ಪಿನ ದ್ರಾವಣ ಬೆರೆಸಿ, ಬಿಲ್ಲೆಯನ್ನು ಸರಕ್ಕನೆ ತಲೆಕೆಳಗು ಮಾಡಿ ಮುಚ್ಚುತ್ತಾರೆ. ಹನಿ ಕೆಳಮುಖವಾಗಿ ಜೋತಾಡುತ್ತಾ ದಿನಗಟ್ಟಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಉಪ್ಪು ಬೇರೆ, ಆಮ್ಲೀಯತೆ ಬೇರೆ, ತಾಪಮಾನ ಬೇರೆ ಅಂತ ನೂರಾರು ಗುಳಿ. ಬಹುಪಾಲು ಹನಿಗಳಲ್ಲಿ ಕಾಣುವುದು ಕೊಳೆಯಂಥ ಗಸಿ. ಅಪರೂಪಕ್ಕೆ ಒಂದರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಚೂಪಾದ ಅಂಚಿನ ಹರಳು ಹೊಳೆದರೆ ಕೂಡಲೇ ಕುಣಿಯುವ ಹಾಗಿಲ್ಲ, ಅದು ಬರೀ ಉಪ್ಪೂ ಇರಬಹುದು. ತಿಳಿಯುವ ಹಳೇ ಉಪಾಯ ಎಂದರೆ ಸೂಜಿಯ ಮೊನೆಯಿಂದ ಒತ್ತುವುದು. ಟಕ್ ಅಂತ ಮುರಿದರೆ ಉಪ್ಪು. ಸುಮ್ಮನೆ ಕುಸಿದು ಪುಡಿಯಾದರೆ ಪ್ರೋಟೀನ್. ಎಂದರೆ ಒಳ್ಳೇ ಸುದ್ದಿ ಬಂತು ಅನ್ನುವಷ್ಟರಲ್ಲಿ ಹರಳು ಕೈಬಿಟ್ಟಿರುತ್ತದೆ! ಮತ್ತೆ ಮೊದಲಿಂದ ಬೆಳೆಸಬೇಕು. ಮ್ಯಾಕ್ಸ್ ಪೆರುಟ್ಜ್ ಹೀಮೋಗ್ಲೋಬಿನ್ ಒಂದಕ್ಕೇ ಎರಡು ದಶಕ ಸವೆಸಿದರು.

ಇದರ ಜೊತೆಗೆ ಇನ್ನೊಂದು ಉಗ್ರಾಣ ಬೇಕಾಯಿತು, ಸರಣಿಗಳದು. ಆಲ್ಫಾಫೋಲ್ಡ್ ಒಂದು ಪ್ರೋಟೀನನ್ನು ಮಡಿಸುವ ಮೊದಲು ಬೇರೆ ಬೇರೆ ಜೀವಿಗಳಲ್ಲಿರುವ ಅದರ ದಾಯಾದಿಗಳನ್ನೆಲ್ಲ ಹುಡುಕಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಬಾಗಿಲಿನ ಅಗುಳಿಯನ್ನು ಎರಡಂಗುಲ ಮೇಲೆ ಸರಿಸಿದ ಬಡಗಿ ಚೌಕಟ್ಟಿನ ತೂತನ್ನೂ ಎರಡಂಗುಲ ಮೇಲೆ ಕೊರೆಯಲೇಬೇಕು. ಪ್ರೋಟೀನಿನಲ್ಲೂ ಹಾಗೇ. 12ನೇ ಜಾಗದಲ್ಲಿ ಬದಲಾವಣೆ ಆದಾಗಲೆಲ್ಲ 87ನೇ ಜಾಗವೂ ಬದಲಾಗಿದೆ ಅಂತ ನೂರಾರು ಜೀವಿಗಳಲ್ಲಿ ಕಂಡರೆ, ಸರಪಳಿಯಲ್ಲಿ ದೂರವಿದ್ದರೂ ಮಡಿಸಿದ ಮೇಲೆ ಆ ಎರಡೂ ಒಂದಕ್ಕೊಂದು ತಾಗಿಕೊಂಡಿರಬೇಕು. ಈ ವಿಚಾರ ಆಲ್ಫಾಫೋಲ್ಡ್‌ಗಿಂತ ಬಹಳ ಹಳೆಯದು. ಅದನ್ನು ಯಂತ್ರಕಲಿಕೆಯೊಳಗೆ ಹೆಣೆದ ಜಾಣತನ ಡೀಪ್‌ಮೈಂಡ್‌ನವರದು. ದಾಯಾದಿಗಳು ಕಡಿಮೆ ಇರುವ ಪ್ರೋಟೀನ್ ಸಿಕ್ಕರೆ ಅದು ಸಾಮಾನ್ಯವಾಗಿ ತಡವರಿಸುವುದೂ ಇದಕ್ಕೇ.

ಸರಿ, ಊಹೆ ಬಂತು. ಅದು ಸರಿಯೋ ತಪ್ಪೋ ನೋಡುವುದು ಹೇಗೆ? ಇಲ್ಲಿ ಮದ್ರಾಸಿಗೆ ಹೋಗಬೇಕು. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಮೂವರೂ ಸೇರಿ ಒಂದು ನಕ್ಷೆ ಪ್ರಕಟಿಸಿದರು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯಲ್ಲೂ ತಿರುಗಲು ಎರಡು ಕೋನ ಇರುತ್ತವೆ, ಫೈ ಮತ್ತು ಸೈ. ಪರಮಾಣುಗಳನ್ನು ಗಟ್ಟಿ ಗೋಲಗಳು ಅಂತ ಇಟ್ಟುಕೊಂಡು, ಯಾವ ಕೋನಗಳಲ್ಲಿ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಇಲ್ಲ ಅಂತ ಲೆಕ್ಕ ಹಾಕಿದರು. ನಕ್ಷೆಯ ಮುಕ್ಕಾಲು ಪಾಲು ನಿಷಿದ್ಧ ಪ್ರದೇಶ. ಮಿಕ್ಕ ಕೆಲವು ದ್ವೀಪಗಳಲ್ಲೇ ಪ್ರಪಂಚದ ಪ್ರೋಟೀನುಗಳೆಲ್ಲ ಬಾಳುತ್ತಿವೆ, ಪಕ್ಕದ ಕೊಂಬೆಯೇ ಇಲ್ಲದ ಗ್ಲೈಸಿನ್‌ಗೆ ಮಾತ್ರ ಸ್ವಲ್ಪ ಜಾಸ್ತಿ ಸ್ವಾತಂತ್ರ್ಯ. ದೊಡ್ಡ ಡೇಟಾ, ಯಂತ್ರಕಲಿಕೆಗೆ ಬಳಸುವ ಜಿಪಿಯು ಚಿಪ್ಪು ಒಂದೂ ಇಲ್ಲದೆ ಹುಟ್ಟಿದ ಈ ನಕ್ಷೆಯ ಮೇಲೇ ಇವತ್ತು ಡೇಟಾ ಬ್ಯಾಂಕಿಗೆ ಬರುವ ಪ್ರತಿ ಪ್ರೋಟೀನ್ ರಚನೆಯನ್ನೂ ಇಟ್ಟು ನೋಡುತ್ತಾರೆ. ನಿಷಿದ್ಧ ಜಾಗದಲ್ಲಿ ಬಿದ್ದ ಕೊಂಡಿಗಳ ಪಟ್ಟಿ ವರದಿಯಲ್ಲಿ ಎದ್ದು ಕಾಣುತ್ತದೆ. ಆಮೇಲೆ ರಾಮಚಂದ್ರನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತ ವಿಭಾಗ ಕಟ್ಟಿದರು. ವಿಜಯನ್ ಅವರು ಜಾಕಲಿನ್ ಬಿಡಿಸಿದ್ದು ಅದೇ ವಿಭಾಗದಲ್ಲಿ.

ಆಲ್ಫಾಫೋಲ್ಡ್‌ನಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ಇನ್ನೊಂದು ಗುಣ. ಪ್ರತಿ ಅಮೈನೋ ಆಮ್ಲಕ್ಕೂ ತನಗೆಷ್ಟು ಭರವಸೆ ಇದೆ ಅಂತ ನೂರಕ್ಕೆ ಅಂಕ ಹಾಕಿಕೊಡುತ್ತದೆ. 90ರ ಮೇಲೆ ಕಡುನೀಲಿ, 70ರವರೆಗೆ ತಿಳಿನೀಲಿ, 50ರವರೆಗೆ ಹಳದಿ, ಅದಕ್ಕೂ ಕೆಳಗೆ ಕಿತ್ತಳೆ. ಮನುಷ್ಯರ ಪ್ರೋಟೀನುಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಕಿತ್ತಳೆ ಬಣ್ಣದ ಉದ್ದುದ್ದ ಎಳೆಗಳು ಸುತ್ತಲೂ ಚೆಲ್ಲಾಪಿಲ್ಲಿಯಾಗಿ ಸುತ್ತಿಕೊಂಡಿರುವುದು ಬೇಕಾದಷ್ಟು ಸಿಗುತ್ತದೆ. ಅವುಗಳಲ್ಲಿ ಎಷ್ಟೋ ನಿಜಕ್ಕೂ ಒಂದೇ ಆಕಾರದಲ್ಲಿ ನಿಲ್ಲದ ಭಾಗಗಳು. ಆದರೆ ಈ ಅಂಕವನ್ನು ಕಡತದಲ್ಲಿ ಎಲ್ಲಿ ಬರೆದರು ನೋಡಿ: 61ರಿಂದ 66ನೇ ಕಾಲಂ. ಹರಳಿನ ರಚನೆಗಳಲ್ಲಿ ಅದು ಬಿ-ಫ್ಯಾಕ್ಟರ್‌ನ ಜಾಗ, ಎಂದರೆ ಪರಮಾಣು ಎಷ್ಟು ಅಲ್ಲಾಡುತ್ತಿದೆ ಅನ್ನುವ ಅಳತೆ. ಅಲ್ಲಿ ಸಂಖ್ಯೆ ದೊಡ್ಡದಾದಷ್ಟೂ ನಂಬಿಕೆ ಕಡಿಮೆ. ಆಲ್ಫಾಫೋಲ್ಡ್ ಕಡತದಲ್ಲಿ ದೊಡ್ಡದಾದಷ್ಟೂ ನಂಬಿಕೆ ಜಾಸ್ತಿ. ಹಳೇ ಪ್ರೋಗ್ರಾಂಗೆ ಹೊಸ ಕಡತ ತಿನ್ನಿಸಿದರೆ ಗಟ್ಟಿ ಭಾಗವೆಲ್ಲ ಅದುರುತ್ತಿರುವಂತೆಯೂ ಅದುರುವ ಭಾಗ ಕಲ್ಲಿನಂತೆಯೂ ಬಣ್ಣ ಬಳಿದು ಕೊಡುತ್ತದೆ. ಇಂಟರ್ನ್ ಹುಡುಗರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು.

ಅಂಕ ಚೆನ್ನಾಗಿ ಬಂದರೂ ಮುಗಿಯುವುದಿಲ್ಲ. ಕುಡಗೋಲು ಕಣ ರಕ್ತಹೀನತೆಯನ್ನೇ ತೆಗೆದುಕೊಳ್ಳಿ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇರುವ ಕಾಯಿಲೆ. ಹೀಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಇದೆ, ಅಷ್ಟೇ ವ್ಯತ್ಯಾಸ. ಒಂಟಿ ಸರಪಳಿಯ ಮಡಿಕೆ ಇದರಿಂದ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ. ತೊಂದರೆ ಶುರುವಾಗುವುದು ಆಮ್ಲಜನಕ ಬಿಟ್ಟುಕೊಟ್ಟ ಮೇಲೆ: ಆಗ ಒಂದು ಹೀಮೋಗ್ಲೋಬಿನ್ನಿನ ಆ ವ್ಯಾಲಿನ್ ಪಕ್ಕದ ಹೀಮೋಗ್ಲೋಬಿನ್ನಿಗೆ ಅಂಟಿ, ಅದು ಮತ್ತೊಂದಕ್ಕೆ ಅಂಟಿ, ಉದ್ದನೆಯ ನಾರಾಗಿ ಕೆಂಪು ರಕ್ತಕಣವನ್ನೇ ಬಾಗಿಸುತ್ತದೆ. ಸರಿಯಾದ ಆಕಾರ ಕಣ್ಣೆದುರು ಇದ್ದರೂ ಅದರಲ್ಲಿ ಕಾಯಿಲೆ ಕಾಣುವುದಿಲ್ಲ. 2023ರಲ್ಲಿ ಡೀಪ್‌ಮೈಂಡ್‌ನವರೇ ಆಲ್ಫಾಮಿಸೆನ್ಸ್ ಅಂತ ಇನ್ನೊಂದು ತಂದು, ಮನುಷ್ಯರಲ್ಲಿ ಸಾಧ್ಯವಿರುವ ಇಂಥ 7.1 ಕೋಟಿ ಒಂಟಿ ಬದಲಾವಣೆಗಳಲ್ಲಿ ನೂರಕ್ಕೆ 89ರಷ್ಟನ್ನು ಅಪಾಯದ್ದು, ಅಪಾಯವಿಲ್ಲದ್ದು ಅಂತ ವಿಂಗಡಿಸಿದರು. ಉಪಯೋಗದ್ದೇ. ಎದುರಿಗೆ ಕೂತ ರೋಗಿಗೆ ಅದೊಂದನ್ನೇ ನಂಬಿ ವೈದ್ಯರು ಏನೂ ಹೇಳುವಂತಿಲ್ಲ.

ಅಳತೆಯೂ ಊಹೆಯೂ ಕೈ ಜೋಡಿಸಿದಾಗ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಟ್ಯೂಬಿಂಗನ್‌ನ ಆಂಡ್ರೈ ಲೂಪಸ್ ಅವರ ಪ್ರಸಂಗ ಇದೆ. ಅವರ ತಂಡದ ಹತ್ತಿರ ಒಂದು ಪ್ರೋಟೀನಿನ ಎಕ್ಸ್-ರೇ ಮಾಹಿತಿ ಇತ್ತು, ಹತ್ತು ವರ್ಷವಾದರೂ ಅದರಿಂದ ರಚನೆ ಬಿಡಿಸಲು ಆಗಿರಲಿಲ್ಲ. ಆಲ್ಫಾಫೋಲ್ಡ್‌ನ ಊಹೆಯನ್ನು ಹಿಡಿದುಕೊಂಡು ಕೂತರು, ಅರ್ಧ ಗಂಟೆಯಲ್ಲಿ ಬಿಡಿಸಿತು. ಈ ಕಥೆ ಹೇಳುವವರೆಲ್ಲ ಅರ್ಧ ಗಂಟೆಯನ್ನು ಒತ್ತಿ ಹೇಳುತ್ತಾರೆ. ಹತ್ತು ವರ್ಷ ಆ ಮಾಹಿತಿಯನ್ನು ಬಿಸಾಕದೆ ಜೋಪಾನ ಮಾಡಿದ್ದರಲ್ಲ, ನನಗೆ ಅದೂ ದೊಡ್ಡದು.

ಇಷ್ಟೆಲ್ಲ ಇತಿಹಾಸ ಗೊತ್ತಿದ್ದವರಿಗೆ 2024ರ ಮೇ ತಿಂಗಳಲ್ಲಿ ಸಿಟ್ಟು ಬಂದದ್ದು ಸಹಜ. ಆಲ್ಫಾಫೋಲ್ಡ್‌ನ ಮೂರನೇ ಆವೃತ್ತಿ 'ನೇಚರ್' ಪತ್ರಿಕೆಯಲ್ಲಿ ಬಂತು, ಡಿಎನ್‌ಎ, ಔಷಧದ ಅಣು ಎಲ್ಲವೂ ಪ್ರೋಟೀನಿಗೆ ಹೇಗೆ ಅಂಟುತ್ತವೆ ಅಂತ ಹೇಳಬಲ್ಲದ್ದು. ಕೋಡ್ ಮಾತ್ರ ಇರಲಿಲ್ಲ. ಜಾಲತಾಣದಲ್ಲಿ ದಿನಕ್ಕೆ ಇಂತಿಷ್ಟೇ ಅಂತ ಬಳಸಬಹುದಿತ್ತು. ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ನವೆಂಬರಿನಲ್ಲಿ ಕೋಡ್ ಬಂತು, ಅದೂ ವಾಣಿಜ್ಯೇತರ ಬಳಕೆಗೆ ಮಾತ್ರ. ಐವತ್ತು ವರ್ಷ ಸಾರ್ವಜನಿಕರ ದುಡ್ಡಿನಲ್ಲಿ ಬೆಳೆಸಿದ ಹರಳುಗಳನ್ನು ಉಂಡು ಬೆಳೆದ ಪ್ರೋಗ್ರಾಂ ಅದು. ಕಂಪನಿಗೂ ಖರ್ಚಿದೆ, ಲಾಭ ಬೇಕು, ಒಪ್ಪುತ್ತೇನೆ. ಆದರೆ ಠೇವಣಿ ಇಡದಿದ್ದರೆ ಪ್ರಬಂಧ ಇಲ್ಲ ಅನ್ನುವ ನಿಯಮ ಹರಳಿನವರಿಗೆ ಒಂದು, ಕೋಡಿನವರಿಗೆ ಇನ್ನೊಂದು ಅಂದರೆ ನ್ಯಾಯವಲ್ಲ. ಅದೇ ವರ್ಷ ಎಂಐಟಿಯವರು ಬೋಲ್ಟ್ಸ್-1 ಅಂತ ಅದೇ ಕೆಲಸ ಮಾಡುವ ಪ್ರೋಗ್ರಾಂ ಮಾಡಿ ಎಲ್ಲರಿಗೂ ತೆರೆದಿಟ್ಟರು. ಒಳ್ಳೇದಾಯಿತು.

ಈಚೆಗೆ ನನ್ನನ್ನು ಹಿಡಿದು ಕೂರಿಸಿದ ಕೆಲಸ ಹಾವಿನ ವಿಷದ್ದು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇವತ್ತಿಗೂ ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. 19ನೇ ಶತಮಾನದ ಕೊನೆಯ ಆ ವಿಧಾನ ಮೂಲದಲ್ಲಿ ಬದಲಾಗಿಲ್ಲ. 2025ರ ಜನವರಿಯಲ್ಲಿ ಬೇಕರ್ ಅವರ ತಂಡ ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ಪುಟಾಣಿ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿ, ನಾಗರಹಾವಿನ ಕುಟುಂಬದ ವಿಷದಲ್ಲಿರುವ 'ಮೂರು ಬೆರಳಿನ' ವಿಷ-ಪ್ರೋಟೀನುಗಳಿಗೆ ಅವು ಬಿಗಿಯಾಗಿ ಅಂಟಿಕೊಳ್ಳುತ್ತವೆ ಅಂತ ತೋರಿಸಿತು. ಮಾರಕ ಪ್ರಮಾಣದ ನರವಿಷ ಚುಚ್ಚಿದ ಇಲಿಗಳು ಇವುಗಳಿಂದ ಬದುಕುಳಿದವು. ಓದಿ ಖುಷಿಪಟ್ಟೆ. ಆದರೆ ಹೊಲದಲ್ಲಿ ನಮ್ಮ ರೈತರನ್ನು ಬಹಳವಾಗಿ ಕಾಡುವ ಕೊಳಕುಮಂಡಲ ಆ ಕುಟುಂಬದ್ದಲ್ಲ. ಅದರ ವಿಷದಲ್ಲಿ ರಕ್ತದ ಹೆಪ್ಪುಗಟ್ಟುವಿಕೆಯನ್ನೇ ಕೆಡಿಸುವ ಕಿಣ್ವಗಳ ದೊಡ್ಡ ಗುಂಪಿದೆ.

ಅದೂ ಊರಿಂದೂರಿಗೆ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ದೇಶದ 34 ಕಡೆಗಳ 115 ಕೊಳಕುಮಂಡಲಗಳ ವಿಷವನ್ನು ಪರೀಕ್ಷಿಸಿ, ಆಯಾ ಜಾಗದ ಮಳೆ, ತಾಪಮಾನಕ್ಕೂ ವಿಷದ ಗುಣಕ್ಕೂ ಇರುವ ನಂಟನ್ನು 2025ರಲ್ಲಿ ಪ್ರಕಟಿಸಿತು. ಒಣ ಪ್ರದೇಶದ ಹಾವುಗಳ ವಿಷದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚು. ಈ ನಂಟನ್ನು ಹಿಡಿದು ದೇಶದಲ್ಲಿ ಎಲ್ಲೆಲ್ಲಿ ಎಂಥ ವಿಷ ಇರಬಹುದು ಅಂತ ನಕ್ಷೆಯನ್ನೂ ಬರೆದಿದ್ದಾರೆ. ನಕ್ಷೆ ಬರೆಯುವ ಭಾಗ ನನ್ನಂಥವರು ಮಾಡುವ ಕೆಲಸ, ಲೆಕ್ಕ, ಅಂಕಿಅಂಶ. ಅದಕ್ಕೂ ಮೊದಲು ಯಾರೋ 115 ಕೊಳಕುಮಂಡಲಗಳ ಕತ್ತು ಹಿಡಿದು ವಿಷ ತೆಗೆದಿದ್ದಾರೆ.

ಇಂಟರ್ನ್ ಹುಡುಗ ಈಗ ಈ ಪ್ರಬಂಧದ ಪೂರಕ ಕೋಷ್ಟಕಗಳನ್ನು ಇಳಿಸಿಕೊಂಡು ಆಟವಾಡುತ್ತಿದ್ದಾನೆ. ನನಗೇನಾದರೂ ಹಣ ಹಂಚುವ ಅಧಿಕಾರ ಇದ್ದಿದ್ದರೆ ಜಿಪಿಯು ಖರೀದಿಯನ್ನು ಒಂದು ವರ್ಷ ಮುಂದೂಡಿ, ಆ 34 ಜಾಗಗಳನ್ನು 300 ಮಾಡುವುದಕ್ಕೆ ಹಾವು ಹಿಡಿಯುವವರಿಗೆ, ಜೀಪಿಗೆ, ವಿಷ ಕೆಡದಂತೆ ಇಡುವ ಫ್ರೀಜರಿಗೆ ಕೊಡುತ್ತಿದ್ದೆ. ನಮ್ಮ ಆಫೀಸಿನಲ್ಲಿ ಈ ಮಾತು ಹೇಳಿದರೆ ನಗುತ್ತಾರೆ, ನಿಮ್ಮ ಕೆಲಸಕ್ಕೇ ಕಲ್ಲು ಹಾಕಿಕೊಳ್ಳುತ್ತೀರಲ್ಲ ಮೇಡಂ ಅಂತ. ಇಲ್ಲ. ನನ್ನ ಪ್ರೋಗ್ರಾಂಗೆ ಓದುವುದಕ್ಕೆ ಮುಂದಿನ ಹತ್ತು ವರ್ಷ ಹೊಸದೇನಾದರೂ ಬೇಕಲ್ಲ.